ಪಿಎಸ್‌ಎ ಮತ್ತೆ ಏರಿದಾಗ ಯಾವ ಪೆಟ್ ಸ್ಕ್ಯಾನ್? ದಾವಣಗೆರೆಯಿಂದ ನೋಡಿದರೆ

ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡ ಗಂಡಸಿನ ರಕ್ತದಲ್ಲಿ ಪಿಎಸ್‌ಎ ಎಂಬ ಪ್ರೋಟೀನು ಲೆಕ್ಕಕ್ಕೆ ಸಿಗುವಷ್ಟು ಇರಬಾರದು. ತಯಾರಿಸುವ ಗ್ರಂಥಿಯೇ ಹೋದ ಮೇಲೆ ಅದು ಬರುವುದಾದರೂ ಎಲ್ಲಿಂದ? ಹಾಗಿದ್ದೂ ಎರಡು ಮೂರು ವರ್ಷ ತೆಪ್ಪಗಿದ್ದ ಲ್ಯಾಬ್ ರಿಪೋರ್ಟಿನಲ್ಲಿ ಒಮ್ಮೆ 0.2 ಎಂದೂ ಕೆಲವು ತಿಂಗಳ ನಂತರ 0.4 ಎಂದೂ ಬಂದರೆ, ದೇಹದ ಯಾವುದೋ ಮೂಲೆಯಲ್ಲಿ ಪ್ರಾಸ್ಟೇಟ್ ಕೋಶಗಳು ಉಳಿದುಕೊಂಡು ಬೆಳೆಯುತ್ತಿವೆ ಎಂದೇ ವೈದ್ಯರು ಓದಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಪಿಎಸ್‌ಎ ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಮುಟ್ಟಿ, ಎರಡನೆಯ ಪರೀಕ್ಷೆಯಲ್ಲೂ ಅದು ಖಚಿತವಾದರೆ ಕಾಯಿಲೆ ಮರುಕಳಿಸಿದೆ ಎನ್ನುವುದು ಬಹುಕಾಲದಿಂದ ಬಳಕೆಯಲ್ಲಿರುವ ಗೆರೆ. ವಿಕಿರಣ ಚಿಕಿತ್ಸೆ ಪಡೆದವರ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಕರೆಂಟ್ ಕೊಡಿಸಿದವರ’, ಲೆಕ್ಕ ಬೇರೆ. ಅವರಲ್ಲಿ ಗ್ರಂಥಿ ಒಳಗೇ ಇರುವುದರಿಂದ ಪಿಎಸ್‌ಎ ಸೊನ್ನೆಗೆ ಇಳಿಯಬೇಕೆಂದಿಲ್ಲ. ಚಿಕಿತ್ಸೆಯ ನಂತರ ಮುಟ್ಟಿದ ಅತಿ ಕೆಳಗಿನ ಅಂಕಿಯ ಮೇಲೆ 2 ಏರಿದಾಗ ಮರುಕಳಿಕೆ ಎನ್ನುತ್ತಾರೆ.

ಅಂಕಿ ಸಿಕ್ಕಿತು, ಜಾಗ ಸಿಗಲಿಲ್ಲ. ಮೆಕ್ಕೆಜೋಳದ ಹೊಲಕ್ಕೆ ಸೈನಿಕ ಹುಳು ಬಿದ್ದಿರುವುದು ಗೊತ್ತು, ಯಾವ ಸಾಲಿನಲ್ಲಿ ಎಂಬುದು ಗೊತ್ತಿಲ್ಲ ಎನ್ನುವ ಸ್ಥಿತಿ ಇದು. ಪ್ರಾಸ್ಟೇಟ್ ಇದ್ದ ಜಾಗದಲ್ಲಷ್ಟೇ ಕಾಯಿಲೆ ಮರಳಿದ್ದರೆ ಅಲ್ಲಿಗೆ ವಿಕಿರಣ ಕೊಟ್ಟು ಪೂರ್ತಿ ಗುಣಪಡಿಸುವ ಅವಕಾಶ ಇನ್ನೂ ಇದೆ. ಕಿಬ್ಬೊಟ್ಟೆಯ ದುಗ್ಧರಸ ಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್‌ಗಳಿಗೆ, ಹಬ್ಬಿದ್ದರೆ ವಿಕಿರಣದ ನಕ್ಷೆಯನ್ನೇ ಹಿಗ್ಗಿಸಬೇಕು. ಬೆನ್ನುಮೂಳೆ ಮುಟ್ಟಿದ್ದರೆ ಕಿಬ್ಬೊಟ್ಟೆಗೆ ಮಾತ್ರ ವಿಕಿರಣ ಕೊಟ್ಟು ಸುಮ್ಮನಾಗುವಂತಿಲ್ಲ. ಹೀಗಾಗಿ ಜಾಗ ತೋರಿಸುವ ಸ್ಕ್ಯಾನ್ ಬೇಕು. ಹಳೆಯ ಪದ್ಧತಿಯ ಸಿಟಿ ಮತ್ತು ಮೂಳೆಯ ಸ್ಕ್ಯಾನ್‌ಗಳು ಪಿಎಸ್‌ಎ ಇಷ್ಟು ಕಡಿಮೆ ಇರುವಾಗ ಬಹುತೇಕ ಖಾಲಿ ಬರುತ್ತವೆ. ಅವು ಕಾಣಿಸುವ ಹೊತ್ತಿಗೆ ಕಾಯಿಲೆ ಸಾಕಷ್ಟು ಬೆಳೆದಿರುತ್ತದೆ.

ಪೆಟ್ ಸ್ಕ್ಯಾನಿನ ಮಾತು ಬರುವುದು ಇಲ್ಲಿ. ದಾವಣಗೆರೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿದವನೆಂಬ ಒಂದೇ ಕಾರಣಕ್ಕೆ ಈ ಫೈಲುಗಳು ಆಗಾಗ ನನ್ನ ಮೇಜಿಗೂ ಬರುತ್ತವೆ. ‘ಸರ್, ಒಬ್ಬ ಡಾಕ್ಟರು ಗ್ಯಾಲಿಯಂ ಎನ್ನುತ್ತಾರೆ, ಇನ್ನೊಬ್ಬರು ಫ್ಲೋರಿನ್ ಎನ್ನುತ್ತಾರೆ, ಅಮೆರಿಕದಲ್ಲಿರುವ ಅಳಿಯ ಇನ್ನೇನೋ ಹೆಸರು ಕಳುಹಿಸಿದ್ದಾರೆ. ಅಪ್ಪನಿಗೆ ಯಾವುದು ಒಳ್ಳೆಯದು?’ ನಾನು ವೈದ್ಯನಲ್ಲ, ಚಿಕಿತ್ಸೆಯ ತೀರ್ಮಾನ ನನ್ನದಲ್ಲ. ಆದರೆ ಆ ಹೆಸರುಗಳ ಹಿಂದೆ ಏನಿದೆ ಎಂಬುದನ್ನು ಬಿಡಿಸಿ ಹೇಳಬಹುದು. ಮೊದಲೇ ಹೇಳಿಬಿಡುತ್ತೇನೆ: ಹೊಸ ಹೆಸರೇ ಒಳ್ಳೆಯ ಹೆಸರು ಎಂದು ತಿಳಿಯಬೇಡಿ. ಆ ದಿನದ ಪಿಎಸ್‌ಎ ಎಷ್ಟು, ಸಂಶಯ ಇರುವುದು ದೇಹದ ಯಾವ ಭಾಗದ ಮೇಲೆ, ಸ್ಕ್ಯಾನಿಗೆ ಚುಚ್ಚುವ ಟ್ರೇಸರ್ ಎಂಬ ವಿಕಿರಣಶೀಲ ದ್ರವ ತಯಾರಾಗುವ ಜಾಗ ಎಷ್ಟು ದೂರ ಎಂಬ ಮೂರು ಸಂಗತಿಗಳು ಹೆಸರಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಹೊಳೆಯುವುದು ಯಾವುದು?

ಟ್ರೇಸರ್ ಎಂದರೆ ಎರಡು ಭಾಗಗಳ ಒಂದು ಅಣು. ಒಂದು ಭಾಗ ಕ್ಯಾನ್ಸರ್ ಕೋಶವನ್ನು ಹುಡುಕಿಕೊಂಡು ಹೋಗುತ್ತದೆ, ಇನ್ನೊಂದು ಭಾಗ ವಿಕಿರಣಶೀಲ ಪರಮಾಣು. ಆ ಪರಮಾಣು ಪಾಸಿಟ್ರಾನ್ ಎಂಬ ಕಣವನ್ನು ಹೊರಹಾಕುತ್ತದೆ. ಪಾಸಿಟ್ರಾನ್ ಅಲ್ಲೇ ಹತ್ತಿರದ ಎಲೆಕ್ಟ್ರಾನಿಗೆ ಢಿಕ್ಕಿ ಹೊಡೆದು ಎರಡೂ ನಾಶವಾಗುತ್ತವೆ, ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಯಂತ್ರದ ಉಂಗುರ ಆ ಜೋಡಿ ಕಿರಣಗಳನ್ನು ಹಿಡಿದು, ಅವು ಹೊರಟ ಜಾಗವನ್ನು ಲೆಕ್ಕ ಹಾಕುತ್ತದೆ. ಜೊತೆಗೇ ತೆಗೆದ ಸಿಟಿ ಚಿತ್ರದ ಮೇಲೆ ಆ ಬಿಂದುವನ್ನು ಕೂರಿಸಿದರೆ, ಇದು ಮೂಳೆಯೇ, ಗ್ರಂಥಿಯೇ, ಮೂತ್ರಕೋಶವೇ ಎಂಬುದು ತಿಳಿಯುತ್ತದೆ. ಯಂತ್ರ ಎಲ್ಲಾ ಟ್ರೇಸರ್‌ಗಳಿಗೂ ಒಂದೇ. ವ್ಯತ್ಯಾಸವೆಲ್ಲ ಸಿರಿಂಜಿನಲ್ಲಿರುವುದರದು.

ಪೆಟ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಎಫ್‌ಡಿಜಿ. ಅದು ಸಕ್ಕರೆಯ ವೇಷದ ಅಣು. ಶ್ವಾಸಕೋಶದ ಕ್ಯಾನ್ಸರ್, ಲಿಂಫೋಮಾಗಳಲ್ಲಿ ಅದರ ಕೆಲಸ ದೊಡ್ಡದು, ಏಕೆಂದರೆ ಅಲ್ಲಿನ ಕೋಶಗಳು ಸಕ್ಕರೆಯನ್ನು ಗಬಗಬನೆ ನುಂಗುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್ ಮೊದಲ ಹಂತಗಳಲ್ಲಿ ಸಕ್ಕರೆಗೆ ಅಷ್ಟೇನೂ ಆಸೆಪಡುವುದಿಲ್ಲ. ಜೊತೆಗೆ ಎಫ್‌ಡಿಜಿ ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಕೋಶ ಬೆಳಗಿ, ಪಕ್ಕದಲ್ಲಿರುವುದನ್ನು ಮರೆಮಾಡುತ್ತದೆ. ಆದ್ದರಿಂದ ಪಿಎಸ್‌ಎ ಸ್ವಲ್ಪ ಏರಿದವರಿಗೆ ಬರಿಯ ಎಫ್‌ಡಿಜಿ ಪೆಟ್ ಮಾಡಿಸಿ ‘ಏನೂ ಇಲ್ಲ’ ಎಂಬ ರಿಪೋರ್ಟ್ ತಂದುಕೊಂಡರೆ ಅದರಿಂದ ಹೆಚ್ಚೇನೂ ತಿಳಿದಂತಾಗುವುದಿಲ್ಲ. ‘ಪೆಟ್ ಆಗಿದೆ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವುದರ ಪೆಟ್ ಎಂದು.

ಹೆದ್ದಾರಿಯಲ್ಲಿ ಕರಗುವ ಕೋಲೀನ್

ಪ್ರಾಸ್ಟೇಟಿಗೆಂದೇ ಮೊದಲು ನೆಲೆ ನಿಂತ ಟ್ರೇಸರ್ ಕೋಲೀನ್. ಕೋಶದ ಪೊರೆಯನ್ನು ಕಟ್ಟಲು ಬೇಕಾದ ಸಾಮಗ್ರಿಗಳಲ್ಲಿ ಕೋಲೀನ್ ಒಂದು. ಬೇಗ ಬೇಗ ವಿಭಜಿಸುವ ಕೋಶಕ್ಕೆ ಪೊರೆ ಹೆಚ್ಚು ಬೇಕು, ಆದ್ದರಿಂದ ಕೋಲೀನನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಇದಕ್ಕೆ ಕಾರ್ಬನ್-11 ಜೋಡಿಸಿದ ರೂಪಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ತಯಾರಿಸುತ್ತಿದ್ದುದು ಮೇಯೊ ಕ್ಲಿನಿಕ್.

ಕಾರ್ಬನ್-11ರ ಅರ್ಧಾಯು, ಅಂದರೆ ಅದರ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 20 ನಿಮಿಷ. ಇದನ್ನು ನಮ್ಮ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಇಟ್ಟು ನೋಡಿ. ಬೆಂಗಳೂರಿನಲ್ಲಿ ಇಂಥ ಪರಮಾಣುಗಳನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರದಿಂದ ಹೊರತೆಗೆದ ಸೀಸೆಯನ್ನು ಕಾರಿನಲ್ಲಿಟ್ಟು ಹೊರಟರೆ, ಊರಿನ ಟ್ರಾಫಿಕ್ಕಿನಲ್ಲೇ ಅರ್ಧ ಮುಗಿದಿರುತ್ತದೆ. ತುಮಕೂರು ಮುಟ್ಟುವಾಗ ಒಂದೂಕಾಲು ಒಂದೂವರೆ ಗಂಟೆ ಆಗಿದ್ದರೆ ಹದಿನಾರರಲ್ಲಿ ಒಂದು ಪಾಲೂ ಉಳಿಯುವುದು ಕಷ್ಟ. ಮೂರೂವರೆ ಗಂಟೆ ದಾಟಿ ಚಿತ್ರದುರ್ಗದ ಕೋಟೆ ಕಾಣುವ ಹೊತ್ತಿಗೆ ಹತ್ತು ಅರ್ಧಾಯುಗಳು ಕಳೆದು, ಸಾವಿರದಲ್ಲಿ ಒಂದು ಪಾಲು ಉಳಿದಿರುತ್ತದೆ. ದಾವಣಗೆರೆಯ ಮಾತು ಬೇಡ. ಅಂದರೆ ಸೈಕ್ಲೋಟ್ರಾನ್ ಇರುವ ಕಟ್ಟಡದಲ್ಲೇ ರೋಗಿಯೂ ಮಲಗಿರಬೇಕು.

ಅದೇ ಲೆಕ್ಕವನ್ನು ಫ್ಲೋರಿನ್-18ಕ್ಕೆ ಹಾಕಿ. ಅದರ ಅರ್ಧಾಯು ಸುಮಾರು 110 ನಿಮಿಷ. ಶಿರಾ ಹತ್ತಿರ ಬರುವಾಗ ಅರ್ಧ, ಚಿತ್ರದುರ್ಗಕ್ಕೆ ಕಾಲು ಭಾಗಕ್ಕಿಂತ ಕೊಂಚ ಹೆಚ್ಚು, ನಾಲ್ಕೂವರೆ ಗಂಟೆಯಲ್ಲಿ ದಾವಣಗೆರೆ ತಲುಪಿದರೆ ಸುಮಾರು ಐದನೆಯ ಒಂದು ಭಾಗ ಉಳಿದಿರುತ್ತದೆ. ಹೊರಡುವಾಗಲೇ ಹೆಚ್ಚು ತುಂಬಿಕೊಂಡು ಹೊರಟರೆ ಇದು ನಡೆಯುವ ವ್ಯವಹಾರ. ಜಗತ್ತಿನ ಬಹುಕಡೆ ಫ್ಲೋರಿನ್ ಟ್ರೇಸರ್‌ಗಳು ಹೀಗೆಯೇ ಒಂದು ಸೈಕ್ಲೋಟ್ರಾನಿನಿಂದ ಸುತ್ತಲಿನ ಊರುಗಳ ಆಸ್ಪತ್ರೆಗಳಿಗೆ ಹೋಗುತ್ತವೆ. ಯೂರೋಪಿನಲ್ಲಿ ಕೋಲೀನಿಗೂ ಫ್ಲೋರಿನ್ ಜೋಡಿಸಿ ಬಳಸಿದ್ದು ಇದೇ ಅನುಕೂಲಕ್ಕೆ.

ದೂರದ ತೊಡಕು ಹೀಗೆ ಬಿಡಿಸಿಕೊಂಡಿತು, ಕೋಲೀನಿನ ದೊಡ್ಡ ತೊಡಕು ಉಳಿಯಿತು: ಪಿಎಸ್‌ಎ 1ಕ್ಕಿಂತ ಕೆಳಗಿದ್ದರೆ ಅದು ಹೆಚ್ಚಾಗಿ ಏನನ್ನೂ ತೋರಿಸುವುದಿಲ್ಲ. ವಿಕಿರಣದಿಂದ ಗುಣಪಡಿಸುವ ಅವಕಾಶ ಚೆನ್ನಾಗಿರುವುದೋ ಪಿಎಸ್‌ಎ 0.5ರ ಒಳಗಿರುವಾಗ. ಸ್ಕ್ಯಾನ್ ಕಣ್ಣು ಬಿಡುವ ಮೊದಲೇ ಚಿಕಿತ್ಸೆಯ ಒಳ್ಳೆಯ ಕಾಲ ಮುಗಿದುಹೋಗುತ್ತಿತ್ತು.

ನಡುವೆ ಬಂದದ್ದು ಫ್ಲೂಸಿಕ್ಲೋವಿನ್. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2016ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಅಣು ಅಮೈನೋ ಆಮ್ಲದ ವೇಷ ಹಾಕಿರುತ್ತದೆ. ಕ್ಯಾನ್ಸರ್ ಕೋಶ ತನ್ನ ಪ್ರೋಟೀನಿಗೆ ಅಮೈನೋ ಆಮ್ಲ ಒಳಗೆಳೆದುಕೊಳ್ಳುವ ಬಾಗಿಲುಗಳನ್ನು ಹೆಚ್ಚಿಸಿಕೊಂಡಿರುತ್ತದೆ, ಟ್ರೇಸರ್ ಆ ಬಾಗಿಲುಗಳಿಂದ ನುಗ್ಗುತ್ತದೆ. ಇಂಜೆಕ್ಷನ್ ಕೊಟ್ಟ ಮೂರರಿಂದ ಐದು ನಿಮಿಷಗಳಲ್ಲೇ ಸ್ಕ್ಯಾನ್ ಶುರು ಮಾಡುತ್ತಾರೆ. ಮೂತ್ರಕ್ಕೆ ಕಡಿಮೆ ಇಳಿಯುವುದರಿಂದ ಮೂತ್ರಕೋಶದ ಪಕ್ಕದ ಜಾಗ ಕತ್ತಲೆಯಾಗಿ, ನೋಡಲು ಅನುಕೂಲವಾಗಿ ಉಳಿಯುತ್ತದೆ. ನಮ್ಮ ಕಡೆಯ ಫೈಲುಗಳಲ್ಲಿ ಈ ಹೆಸರು ನನಗೆ ಕಂಡದ್ದಿಲ್ಲ. ಆದರೂ ಇದನ್ನು ಇಲ್ಲಿ ಎಳೆದು ತಂದದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಪಿಎಸ್‌ಎಂಎ: ಕೋಶದ ಮೈಮೇಲಿನ ಹಿಡಿಕೆ

ಈಗ ಎಲ್ಲರ ಬಾಯಲ್ಲಿರುವ ಪಿಎಸ್‌ಎಂಎಯನ್ನು ಪಿಎಸ್‌ಎ ಎಂದು ತಿಳಿದು ಗೊಂದಲ ಮಾಡಿಕೊಳ್ಳುವವರು ಬಹಳ. ಪಿಎಸ್‌ಎ ರಕ್ತಕ್ಕೆ ಸೋರಿ ಬರುವ ಪ್ರೋಟೀನು. ಪಿಎಸ್‌ಎಂಎ ಪ್ರಾಸ್ಟೇಟ್ ಕೋಶದ ಪೊರೆಯಲ್ಲೇ ಕಚ್ಚಿಕೊಂಡಿರುವ ಬೇರೊಂದು ಪ್ರೋಟೀನು. ಕ್ಯಾನ್ಸರ್ ಆದ ಕೋಶಗಳಲ್ಲಿ ಅದು ಹಲವು ಪಟ್ಟು ಹೆಚ್ಚಿರುತ್ತದೆ.

ಇದರ ಸುಳಿವು ಸಿಕ್ಕಿದ್ದು 1987ರಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಒಂದು ಪ್ರತಿಕಾಯದ ಮೂಲಕ. ಅದೇ ಪ್ರತಿಕಾಯಕ್ಕೆ ಇಂಡಿಯಂ-111 ಎಂಬ ವಿಕಿರಣಶೀಲ ಪರಮಾಣು ಕಟ್ಟಿದ ಸ್ಕ್ಯಾನಿಗೆ 1996ರಲ್ಲೇ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಬಳಕೆಯಲ್ಲಿ ಅದು ಬಹಳಷ್ಟು ನಿರಾಸೆ ಮಾಡಿತು, ಕಾರಣ ಸ್ವಾರಸ್ಯವಾಗಿದೆ. ಆ ಪ್ರತಿಕಾಯ ಹಿಡಿಯುತ್ತಿದ್ದುದು ಪಿಎಸ್‌ಎಂಎಯ ಒಳಬದಿಯ ತುದಿಯನ್ನು. ಜೀವಂತ ಕೋಶದ ಪೊರೆ ದಾಟಿ ಒಳಗೆ ಹೋಗಲು ದೊಡ್ಡ ಪ್ರತಿಕಾಯಕ್ಕೆ ಆಗುತ್ತಿರಲಿಲ್ಲ, ಪೊರೆ ಹರಿದ ಸಾಯುತ್ತಿರುವ ಕೋಶಗಳಲ್ಲಿ ಮಾತ್ರ ಅದಕ್ಕೆ ಹಿಡಿತ ಸಿಗುತ್ತಿತ್ತು. ಗುರಿ ಸರಿಯಾಗಿತ್ತು, ಹಿಡಿದ ಕೊನೆ ತಪ್ಪಾಗಿತ್ತು.

ದಾರಿ ತೆರೆದದ್ದು ಅನಿರೀಕ್ಷಿತ ಕಡೆಯಿಂದ. ಪಿಎಸ್‌ಎಂಎ ನಿಜದಲ್ಲಿ ಒಂದು ಕಿಣ್ವ, ಗ್ಲುಟಮೇಟ್ ಎಂಬ ತುಣುಕನ್ನು ಕತ್ತರಿಸುವುದು ಅದರ ಕಸುಬು. ಇದೇ ಕಿಣ್ವ ನರಮಂಡಲದಲ್ಲೂ ಇದೆ. ಅದನ್ನು ತಡೆಯಲೆಂದು ನರವಿಜ್ಞಾನದವರು ಯೂರಿಯಾ ಆಧಾರಿತ ಪುಟ್ಟ ಅಣುಗಳನ್ನು ರೂಪಿಸಿದ್ದರು. ಆ ಅಣುಗಳು ಕಿಣ್ವದ ಹೊರಬದಿಯ ಕುಳಿಯೊಳಗೆ ಗಟ್ಟಿಯಾಗಿ ಕೂರುತ್ತವೆ, ಜೀವಂತ ಕೋಶದಲ್ಲೂ. ಪುಟ್ಟದಾದ್ದರಿಂದ ರಕ್ತದಿಂದ ಬೇಗ ತೊಳೆದುಹೋಗಿ ಹಿನ್ನೆಲೆಯೂ ಸ್ವಚ್ಛವಾಗುತ್ತದೆ. ಇವಕ್ಕೆ ವಿಕಿರಣಶೀಲ ಪರಮಾಣು ಕಟ್ಟಿದ್ದೇ ಇಂದಿನ ಪಿಎಸ್‌ಎಂಎ ಟ್ರೇಸರ್‌ಗಳ ಕುಟುಂಬ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಗ್ಯಾಲಿಯಂ-68 ಕಟ್ಟಿದ ಪಿಎಸ್‌ಎಂಎ-11 ಬಂತು, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಫ್ಲೋರಿನ್ ಕಟ್ಟಿದ ಡಿಸಿಎಫ್‌ಪಿವೈಎಲ್ ಬಂತು. ಅಮೆರಿಕದಲ್ಲಿ ಮೊದಲನೆಯದಕ್ಕೆ 2020ರ ಡಿಸೆಂಬರ್‌ನಲ್ಲಿ, ಎರಡನೆಯದಕ್ಕೆ 2021ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಫ್ಲೊಟುಫೊಲಾಸ್ಟಾಟ್ ಎಂಬ ಇನ್ನೊಂದು ಸೇರಿಕೊಂಡಿತು.

ಎಷ್ಟು ಕಾಣಿಸುತ್ತದೆ? ಕ್ಯಾಲಿಫೋರ್ನಿಯಾದ ಎರಡು ವಿಶ್ವವಿದ್ಯಾಲಯಗಳು ಕಾಯಿಲೆ ಮರುಕಳಿಸಿದ 635 ಗಂಡಸರ ಮೇಲೆ ಗ್ಯಾಲಿಯಂ ಪಿಎಸ್‌ಎಂಎ-11 ಬಳಸಿ ನಡೆಸಿ, 2019ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನು ನಿಧಾನವಾಗಿ ಓದಿ. ಪಿಎಸ್‌ಎ 0.5ಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 38 ಮಂದಿಯಲ್ಲಿ ಏನಾದರೂ ಕಂಡಿತು. 0.5ರಿಂದ 1ರ ಒಳಗೆ 57, 1ರಿಂದ 2ರ ಒಳಗೆ 84, 2ರಿಂದ 5ರ ಒಳಗೆ 86, ಐದು ದಾಟಿದವರಲ್ಲಿ 97. ಒಂದೇ ಟ್ರೇಸರ್, ಅದೇ ಯಂತ್ರಗಳು, ಆದರೆ ಫಲಿತಾಂಶ 38ರಿಂದ 97ಕ್ಕೆ ಹಾರುತ್ತದೆ. ‘ನಮ್ಮ ಸ್ಕ್ಯಾನ್ ಶೇಕಡ ಇಷ್ಟು ನಿಖರ’ ಎಂಬ ಜಾಹೀರಾತಿನ ಒಂದೇ ಅಂಕಿಯನ್ನು ನಾನು ನಂಬದಿರುವುದು ಇದಕ್ಕೇ. ಯಾವ ಪಿಎಸ್‌ಎಗೆ ಎಂದು ಹೇಳದ ಅಂಕಿಗೆ ಅರ್ಥವಿಲ್ಲ. ಇನ್ನೊಂದು ಮಾತು: ಇದೇ ಅಧ್ಯಯನದಲ್ಲಿ ಅಂಗಾಂಶ ತೆಗೆದು ತಾಳೆ ನೋಡಿದವರಲ್ಲಿ ನೂರಕ್ಕೆ 84ರಷ್ಟು ಕಡೆ ಸ್ಕ್ಯಾನ್ ಹೇಳಿದ್ದು ನಿಜವಾಗಿತ್ತು. ಒಳ್ಳೆಯ ಅಂಕಿಯೇ, ಆದರೆ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ ಎಂಬುದೂ ಅದರೊಳಗೇ ಇದೆ.

ಮುಖಾಮುಖಿ

ಬೇರೆ ಬೇರೆ ಊರುಗಳ ಬೇರೆ ಬೇರೆ ರೋಗಿಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ನ್ಯಾಯವಲ್ಲ. ಒಬ್ಬನೇ ರೋಗಿಗೆ ಕೆಲವೇ ದಿನಗಳ ಅಂತರದಲ್ಲಿ ಎರಡೂ ಸ್ಕ್ಯಾನ್ ಮಾಡಿದ ಅಧ್ಯಯನಗಳು ಬೇಕು. ಅವು ಸಣ್ಣವು, ಆದರೆ ಸ್ಪಷ್ಟವಾಗಿ ಮಾತಾಡುತ್ತವೆ. 2015ರಲ್ಲಿ ಆಸ್ಟ್ರೇಲಿಯಾದವರು 38 ಗಂಡಸರಲ್ಲಿ ಫ್ಲೋರೋಕೋಲೀನ್ ಮತ್ತು ಗ್ಯಾಲಿಯಂ ಪಿಎಸ್‌ಎಂಎ ಎರಡನ್ನೂ ನೋಡಿದರು. ಪಿಎಸ್‌ಎ 0.5ಕ್ಕಿಂತ ಕಡಿಮೆ ಇದ್ದವರಲ್ಲಿ ಕೋಲೀನ್ ನೂರಕ್ಕೆ ಹನ್ನೆರಡೂವರೆ, ಪಿಎಸ್‌ಎಂಎ ನೂರಕ್ಕೆ ಐವತ್ತು ಮಂದಿಯಲ್ಲಿ ಕಾಯಿಲೆಯ ಜಾಗ ತೋರಿಸಿತು. ಕೋಲೀನಿನ ಕಾಲ ಮುಗಿಯಿತೆನ್ನಲು ನನಗಂತೂ ಇದು ಸಾಕು. ಪಿಎಸ್‌ಎಂಎ ಸಿಗುವ ಕಡೆ ಇಂದು ಕೋಲೀನ್ ಹುಡುಕಿಕೊಂಡು ಹೋಗಲು ಕಾರಣ ಕಾಣುವುದಿಲ್ಲ.

ಫ್ಲೂಸಿಕ್ಲೋವಿನ್ ಮತ್ತು ಪಿಎಸ್‌ಎಂಎ ಎದುರುಬದುರಾದದ್ದು ಲಾಸ್ ಏಂಜಲೀಸ್‌ನಲ್ಲಿ, ಪಿಎಸ್‌ಎ 2 ದಾಟದ 50 ಮಂದಿಯಲ್ಲಿ. ಫ್ಲೂಸಿಕ್ಲೋವಿನ್ ನೂರಕ್ಕೆ 26, ಪಿಎಸ್‌ಎಂಎ ನೂರಕ್ಕೆ 56. ನನಗೆ ಇದರಲ್ಲಿ ಮುಖ್ಯವೆನಿಸುವುದು ಒಟ್ಟು ಅಂಕಿಯಲ್ಲ, ಅದು ಎಲ್ಲಿಂದ ಬಂತು ಎಂಬುದು. ಪ್ರಾಸ್ಟೇಟ್ ಇದ್ದ ಜಾಗದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅಂತರವೆಲ್ಲ ಹುಟ್ಟಿದ್ದು ಕಿಬ್ಬೊಟ್ಟೆಯ ದುಗ್ಧರಸ ಗ್ರಂಥಿಗಳಲ್ಲಿ ಮತ್ತು ಕಿಬ್ಬೊಟ್ಟೆಯ ಆಚೆ. ಮೂತ್ರಕೋಶದ ಪಕ್ಕದಲ್ಲಿ, ಪಿಎಸ್‌ಎಂಎ-11 ಮೂತ್ರದಲ್ಲಿ ಇಳಿದು ಬೆಳಗುವ ಕಡೆಯಲ್ಲಿ, ಅದರ ಮೇಲುಗೈ ಕರಗುತ್ತದೆ. ಸಂಶಯವೆಲ್ಲ ಅಲ್ಲೇ ಇದ್ದರೆ ಎಂಆರ್‌ಐ ಒಳ್ಳೆಯ ಜೊತೆಗಾರ. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟು, ಮೂತ್ರಕೋಶ ಖಾಲಿ ಮಾಡಿಸಿ, ಇನ್ನೊಮ್ಮೆ ತಡವಾಗಿ ಚಿತ್ರ ತೆಗೆಯುವ ಉಪಾಯವೂ ಇದೆ.

ಹಾಗಾದರೆ ಫ್ಲೂಸಿಕ್ಲೋವಿನ್ ಸೋತಿತೇ? ನಾನು ಅದನ್ನು ಎಳೆದು ತಂದ ಕಾರಣ ಇಲ್ಲಿದೆ. ಎಮರಿಯವರು 165 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳೆಯ ಸ್ಕ್ಯಾನ್‌ಗಳನ್ನು ಮಾತ್ರ ನೋಡಿ, ಇನ್ನೊಂದಕ್ಕೆ ಫ್ಲೂಸಿಕ್ಲೋವಿನ್ ಚಿತ್ರವನ್ನೂ ನೋಡಿ ವಿಕಿರಣ ಚಿಕಿತ್ಸೆ ಕೊಟ್ಟರು. 2021ರಲ್ಲಿ ಪ್ರಕಟವಾದಂತೆ, ಮೂರು ವರ್ಷಗಳ ನಂತರ ಕಾಯಿಲೆ ತಲೆಯೆತ್ತದೆ ಇದ್ದವರು ಮೊದಲ ಗುಂಪಿನಲ್ಲಿ ಶೇಕಡ 63, ಎರಡನೆಯದರಲ್ಲಿ ಶೇಕಡ 75.5. ಹೆಚ್ಚು ಕಾಣುವುದು ಒಂದು, ಕಂಡದ್ದರಿಂದ ರೋಗಿಗೆ ಒಳ್ಳೆಯದಾಗುವುದು ಇನ್ನೊಂದು. ಎರಡನೆಯದಕ್ಕೆ ಇಂತಹ ಪುರಾವೆ ಕೊಟ್ಟದ್ದು ಹೋಲಿಕೆಯಲ್ಲಿ ಹಿಂದೆ ಬಿದ್ದ ಟ್ರೇಸರ್. ಪಿಎಸ್‌ಎಂಎ ಟ್ರೇಸರ್‌ಗಳು ಚಿಕಿತ್ಸೆಯ ಯೋಜನೆಯನ್ನು ಬದಲಿಸುತ್ತವೆ ಎಂಬುದು ಖಚಿತ. ಡಿಸಿಎಫ್‌ಪಿವೈಎಲ್ ಬಳಸಿದ ಒಂದು ಅಧ್ಯಯನದಲ್ಲಿ ಹಳೆಯ ಸ್ಕ್ಯಾನ್‌ಗಳಿಂದ ಏನೂ ಸ್ಪಷ್ಟವಾಗದ 208 ಮಂದಿಯಿದ್ದರು, ಅವರಲ್ಲಿ ಸುಮಾರು ಶೇಕಡ 64 ಮಂದಿಯ ಯೋಜನೆ ಬದಲಾಯಿತು. ಆದರೆ ಬದಲಾದ ಯೋಜನೆ ಉತ್ತಮ ಯೋಜನೆಯೇ ಆಗಿರಬೇಕೆಂದಿಲ್ಲ.

ಗ್ಯಾಲಿಯಮ್ಮೋ ಫ್ಲೋರಿನ್ನೋ

ನನ್ನ ಮೇಜಿಗೆ ಬರುವ ಪ್ರಶ್ನೆ ಹೆಚ್ಚಾಗಿ ಇದೇ. ಎರಡೂ ಪಿಎಸ್‌ಎಂಎಯನ್ನೇ ಹುಡುಕುತ್ತವೆ. ಗ್ಯಾಲಿಯಂ-68ರ ಅರ್ಧಾಯು 68 ನಿಮಿಷ, ಸಾಗಿಸಲು ಅಷ್ಟು ಅನುಕೂಲವಲ್ಲ. ಆದರೆ ಅದಕ್ಕೆ ಸೈಕ್ಲೋಟ್ರಾನ್ ಬೇಕೆಂದೇನಿಲ್ಲ. ಜರ್ಮೇನಿಯಂ-68 ಎಂಬ ತಾಯಿ ಪರಮಾಣು ತುಂಬಿದ ಜನರೇಟರ್ ಎಂಬ ಪುಟ್ಟ ಸಾಧನವನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬಹುದು. ತಾಯಿಯ ಅರ್ಧಾಯು 271 ದಿನ, ಅದು ಕ್ಷಯಿಸುತ್ತಾ ಗ್ಯಾಲಿಯಂ ಹುಟ್ಟಿಸುತ್ತಲೇ ಇರುತ್ತದೆ. ಬೇಕಾದಾಗ ಆಮ್ಲ ಹರಿಸಿ ಗ್ಯಾಲಿಯಂ ಇಳಿಸಿಕೊಂಡರಾಯಿತು. ಭಾರತದಲ್ಲಿ ಪಿಎಸ್‌ಎಂಎ ಪೆಟ್ ಎಂದರೆ ಗ್ಯಾಲಿಯಂ ಎಂಬಷ್ಟು ಅದು ಬಳಕೆಗೆ ಬಂದದ್ದಕ್ಕೆ ಈ ಅನುಕೂಲದ ಪಾಲು ದೊಡ್ಡದು. ತೊಂದರೆ ಎಂದರೆ ಒಮ್ಮೆ ಇಳಿಸಿಕೊಂಡದ್ದು ಕೆಲವೇ ರೋಗಿಗಳಿಗೆ ಸಾಲುತ್ತದೆ, ಜನರೇಟರ್ ಹಳತಾದಂತೆ ಇನ್ನೂ ಕಡಿಮೆ. ಸರದಿಯ ದಿನಾಂಕ ಮುಂದೆ ಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಫ್ಲೋರಿನ್ ಒಂದೇ ತಯಾರಿಕೆಯಲ್ಲಿ ಹತ್ತಾರು ಜನರಿಗೆ ಸಾಕಾಗುತ್ತದೆ. ಅದರ ಪಾಸಿಟ್ರಾನಿನ ಶಕ್ತಿ ಕಡಿಮೆಯಾದ್ದರಿಂದ ಹೆಚ್ಚು ದೂರ ಓಡದೆ ಸಾಯುತ್ತದೆ, ಚಿತ್ರ ಕೊಂಚ ಚೂಪಾಗುತ್ತದೆ. ಇದು ಭೌತಶಾಸ್ತ್ರದವನಿಗೆ ಖುಷಿ ಕೊಡುವ ವ್ಯತ್ಯಾಸ. ರೋಗಿಯ ಮಟ್ಟಿಗೆ ದೊಡ್ಡದೆಂದು ನನಗೆ ಅನಿಸುವುದಿಲ್ಲ. ದೊಡ್ಡ ವ್ಯತ್ಯಾಸ ಫ್ಲೋರಿನ್ ಕುಟುಂಬದ ಒಳಗೇ ಇದೆ. ಡಿಸಿಎಫ್‌ಪಿವೈಎಲ್ ಗ್ಯಾಲಿಯಂ ರೂಪದಂತೆಯೇ ಮೂತ್ರದ ದಾರಿ ಹಿಡಿಯುತ್ತದೆ. ಪಿಎಸ್‌ಎಂಎ-1007 ಎಂಬುದು ಯಕೃತ್ತು, ಪಿತ್ತದ ದಾರಿಯಿಂದ ಹೊರಹೋಗುತ್ತದೆ, ಆದ್ದರಿಂದ ಮೂತ್ರಕೋಶದ ಸುತ್ತ ಚಿತ್ರ ತಿಳಿಯಾಗಿರುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ: ಪಕ್ಕೆಲುಬು ಮುಂತಾದ ಮೂಳೆಗಳಲ್ಲಿ ಕ್ಯಾನ್ಸರ್ ಅಲ್ಲದ ಚಿಕ್ಕಚಿಕ್ಕ ಹೊಳಪುಗಳು ಹೆಚ್ಚು. ಎರಡು ಟ್ರೇಸರ್‌ಗಳಿಗೆ ಸಮಾನವಾದ ಗುಂಪುಗಳನ್ನು ಆರಿಸಿ ಹೋಲಿಸಿದ ಜರ್ಮನಿಯ ಒಂದು ಅಧ್ಯಯನದಲ್ಲಿ, ನಿರಪಾಯಕಾರಿ ಎಂದು ತಿಳಿದ ಹೊಳಪುಗಳು ಗ್ಯಾಲಿಯಂ ರೂಪಕ್ಕಿಂತ ಪಿಎಸ್‌ಎಂಎ-1007ರಲ್ಲಿ ಸುಮಾರು ಐದು ಪಟ್ಟು ಇದ್ದವು.

ಇದರ ಪರಿಣಾಮ ಊಹಿಸಿ. ಪಿಎಸ್‌ಎ 0.3, ಒಂದು ಪಕ್ಕೆಲುಬಿನಲ್ಲಿ ಮಸುಕು ಹೊಳಪು, ರಿಪೋರ್ಟಿನಲ್ಲಿ ‘ಮೂಳೆಗೆ ಹರಡಿರುವ ಸಾಧ್ಯತೆ’. ಮನೆಯವರು ಆ ಒಂದು ಸಾಲು ಹಿಡಿದು ಕುಸಿಯುತ್ತಾರೆ. ಹತ್ತು ವರ್ಷದ ಹಿಂದೆ ಬೈಕಿನಿಂದ ಬಿದ್ದು ಮುರಿದ ಪಕ್ಕೆಲುಬು ಕೂಡ ಹೀಗೆ ಕಾಣಬಹುದು. ಮುರಿತದ ಗಾಯ ಮಾಯುವ ಕಡೆ, ಕೆಲವು ನರಗಂಟುಗಳಲ್ಲಿ, ಥೈರಾಯ್ಡಿನ ಗಡ್ಡೆಗಳಲ್ಲಿ ಪಿಎಸ್‌ಎಂಎ ಟ್ರೇಸರ್ ನಿಲ್ಲುವುದುಂಟು. ನಮ್ಮ ದೇಶದಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಕ್ಷಯ: ಅದರಿಂದ ಊದಿದ ಗ್ರಂಥಿಯೂ ಹೊಳೆಯಬಹುದು. ಹಳೆಯ ಕ್ಷಯ, ಹಿಂದೆ ಬಿದ್ದು ಆದ ಗಾಯಗಳ ಚರಿತ್ರೆಯನ್ನು ಸ್ಕ್ಯಾನ್ ಓದುವ ವೈದ್ಯರಿಗೆ ಹೇಳುವವರು ಯಾರೂ ಇಲ್ಲ, ನೀವೇ ಹೇಳಬೇಕು. ಪಿಎಸ್‌ಎಂಎ ಎಂಬ ಹೆಸರಿನಲ್ಲಿ ಪ್ರಾಸ್ಟೇಟ್ ಇದೆಯಾದರೂ ಅದು ಪ್ರಾಸ್ಟೇಟಿನ ಸ್ವಂತ ಆಸ್ತಿಯಲ್ಲ. ಜೊಲ್ಲುಗ್ರಂಥಿ, ಕಣ್ಣೀರ ಗ್ರಂಥಿ, ಮೂತ್ರಪಿಂಡ, ಸಣ್ಣಕರುಳುಗಳು ಎಲ್ಲರ ಚಿತ್ರದಲ್ಲೂ ಬೆಳಗುತ್ತವೆ. ಆ ಚಿತ್ರ ನೋಡಿ ಗಾಬರಿಯಾಗಬೇಡಿ.

ತಿರುಗಿ, ಎಲ್ಲ ಪ್ರಾಸ್ಟೇಟ್ ಕ್ಯಾನ್ಸರ್‌ಗಳೂ ಪಿಎಸ್‌ಎಂಎ ತೋರಿಸುವುದಿಲ್ಲ. ಕಾಯಿಲೆ ಉಗ್ರವಾಗಿ ರೂಪ ಬದಲಿಸಿದಾಗ ಕೆಲವರಲ್ಲಿ ಪಿಎಸ್‌ಎಂಎ ಮಾಯವಾಗಿ, ಸಕ್ಕರೆಯ ಹಸಿವು ಹೆಚ್ಚುತ್ತದೆ. ಮೂಲೆಗೆ ಸರಿಸಿದ ಎಫ್‌ಡಿಜಿ ಅಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಪಿಎಸ್‌ಎಂಎಗೆ ಅಂಟುವ ಅಣುವಿಗೇ ಲುಟೇಷಿಯಂ-177 ಎಂಬ ವಿಕಿರಣಶೀಲ ಪರಮಾಣು ಕಟ್ಟಿ ಚಿಕಿತ್ಸೆ ಕೊಡುವ ಮೊದಲು ಕೆಲವು ಕಡೆ ಎರಡೂ ಸ್ಕ್ಯಾನ್ ಮಾಡಿ ನೋಡುವುದು ಇದಕ್ಕೆ.

ಹೊರಡುವ ಮುನ್ನ

ಸ್ಕ್ಯಾನಿಗಾಗಿ ಬೆಂಗಳೂರಿಗೋ ಮಣಿಪಾಲಕ್ಕೋ ರೈಲು ಹತ್ತುವ ಮೊದಲು ವೈದ್ಯರಿಗೆ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಕಂಡರೆ ಏನು ಮಾಡುತ್ತೀರಿ, ಕಾಣದಿದ್ದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಉತ್ತರ ಬಂದರೆ ಸ್ಕ್ಯಾನ್ ಯಾಕೆ ಎಂಬುದನ್ನು ಇನ್ನೊಮ್ಮೆ ಮಾತಾಡಬೇಕು. ಯೂರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಶಸ್ತ್ರಚಿಕಿತ್ಸೆಯ ನಂತರ ಪಿಎಸ್‌ಎ 0.2 ದಾಟಿದ್ದು, ಫಲಿತಾಂಶದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಪಿಎಸ್‌ಎಂಎ ಪೆಟ್ ಮಾಡಿ ಎಂದು.

ಖಾಲಿ ಬಂದ ಸ್ಕ್ಯಾನಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಪೆಟ್ ಯಂತ್ರಕ್ಕೆ ನಾಲ್ಕೈದು ಮಿಲಿಮೀಟರಿಗಿಂತ ಸಣ್ಣದನ್ನು ಹಿಡಿಯುವುದು ಕಷ್ಟ. ಪಿಎಸ್‌ಎ ಏರುತ್ತಿದ್ದು ಸ್ಕ್ಯಾನ್ ಖಾಲಿ ಇದ್ದರೆ ಕಾಯಿಲೆ ಇಲ್ಲವೆಂದಲ್ಲ, ಇನ್ನೂ ಚಿಕ್ಕದಾಗಿದೆ ಎಂದು. ಪ್ರಾಸ್ಟೇಟ್ ಇದ್ದ ಜಾಗಕ್ಕೆ ವಿಕಿರಣ ಕೊಟ್ಟರೆ ಚೆನ್ನಾಗಿ ಸ್ಪಂದಿಸುವವರು ಇಂಥವರಲ್ಲಿ ಹೆಚ್ಚು. ‘ಸ್ಕ್ಯಾನಿನಲ್ಲಿ ಕಾಣುವವರೆಗೆ ಕಾಯೋಣ’ ಎಂದು ಪಿಎಸ್‌ಎ ಏರಲು ಬಿಡುವುದು, ಚಿಕಿತ್ಸೆಗೆ ಒಳ್ಳೆಯ ಸಮಯವನ್ನು ಕೈಯಾರೆ ಕಳೆದುಕೊಂಡಂತೆ. ಆ ಮಾತನ್ನು ವೈದ್ಯರು ಹೇಳಿದ್ದರೆ ಕಾರಣ ಕೇಳಿ, ಬಂಧುಗಳು ಹೇಳಿದ್ದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕಾಯುವುದು ಸರಿ ಎನ್ನುವ ಸಂದರ್ಭಗಳೂ ಇವೆ, ಅದನ್ನು ತೀರ್ಮಾನಿಸುವುದು ಪಿಎಸ್‌ಎ ಇಮ್ಮಡಿಯಾಗುವ ಅವಧಿ ಮತ್ತು ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಮೊದಲ ಬಯಾಪ್ಸಿಯ ಗ್ರೇಡ್. 0.2 ಇದ್ದದ್ದು 0.4 ಆಗಲು ಒಂದೂವರೆ ವರ್ಷ ತೆಗೆದುಕೊಂಡವರ ಕಾಯಿಲೆಯೂ ನಾಲ್ಕು ತಿಂಗಳಲ್ಲಿ ಮುಟ್ಟಿದವರ ಕಾಯಿಲೆಯೂ ಒಂದೇ ಅಲ್ಲ. ಹಾಗಾಗಿ ಚೀಲದಲ್ಲಿ ಇರಬೇಕಾದದ್ದು ಇತ್ತೀಚಿನ ಒಂದು ರಿಪೋರ್ಟಲ್ಲ, ಶಸ್ತ್ರಚಿಕಿತ್ಸೆಯಿಂದ ಈಚೆಗಿನ ಎಲ್ಲಾ ಪಿಎಸ್‌ಎ ಅಂಕಿಗಳು, ದಿನಾಂಕ ಸಮೇತ, ಸಾಧ್ಯವಾದರೆ ಒಂದೇ ಲ್ಯಾಬಿನವು. ಜೊತೆಗೆ ತೆಗೆದ ಗ್ರಂಥಿಯ ಬಯಾಪ್ಸಿ ವರದಿ, ವಿಕಿರಣ ಪಡೆದಿದ್ದರೆ ಅದರ ವಿವರ.

ಹಾರ್ಮೋನ್ ಇಂಜೆಕ್ಷನ್ ಶುರುವಾಗಿದ್ದರೆ, ಯಾವ ದಿನ ಎಂಬುದನ್ನು ಮರೆಯದೆ ಹೇಳಿ. ಅದು ಪಿಎಸ್‌ಎಯನ್ನು ಇಳಿಸುತ್ತದೆ. ಪಿಎಸ್‌ಎಂಎಯ ಮೇಲೂ ಅದರ ಪ್ರಭಾವವಿದೆ: ಆರಂಭದಲ್ಲಿ ಹೊಳಪು ಹೆಚ್ಚಬಹುದು, ದೀರ್ಘಕಾಲ ಮುಂದುವರಿದರೆ ಕಾಯಿಲೆ ಇರುವ ಜಾಗವೂ ಮಂಕಾಗಬಹುದು. ಸ್ಕ್ಯಾನ್ ಆಗುವವರೆಗೆ ಇಂಜೆಕ್ಷನ್ ತಡೆಯಬಹುದೇ ಎಂಬುದನ್ನು ಮೊದಲ ಡೋಸಿಗೆ ಮುಂಚೆ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ. ಎಫ್‌ಡಿಜಿಗೆ ಬೇಕಾದಂತೆ ಪಿಎಸ್‌ಎಂಎಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಕಾಗಿಲ್ಲ. ನೀರು ಚೆನ್ನಾಗಿ ಕುಡಿದು, ಕರೆದಾಗ ಮೂತ್ರ ಮಾಡಿ ಬಂದರೆ ಸಾಕು. ಇಂಜೆಕ್ಷನ್ ಕೊಟ್ಟ ಸುಮಾರು ಒಂದು ಗಂಟೆಗೆ ಒಳಗೆ ಕರೆಯುತ್ತಾರೆ, ಪಿಎಸ್‌ಎಂಎ-1007 ಆದರೆ ಇನ್ನೂ ಸ್ವಲ್ಪ ಹೊತ್ತು ಕಾಯಿಸಬಹುದು.

ಮುಂದೆ ಯಾವಾಗಲಾದರೂ ಇನ್ನೊಂದು ಸ್ಕ್ಯಾನ್ ಬೇಕಾದರೆ, ಸಾಧ್ಯವಾದಷ್ಟು ಅದೇ ಟ್ರೇಸರ್, ಅದೇ ಕೇಂದ್ರ. ಗ್ಯಾಲಿಯಂ ಚಿತ್ರದ ಪಕ್ಕದಲ್ಲಿ ಪಿಎಸ್‌ಎಂಎ-1007 ಚಿತ್ರ ಇಟ್ಟು, ಪಕ್ಕೆಲುಬಿನಲ್ಲಿ ಹೊಸ ಹೊಳಪು ಬಂದಿದೆ ಎಂದರೆ, ಬದಲಾದದ್ದು ಕಾಯಿಲೆಯೋ ಸಿರಿಂಜಿನಲ್ಲಿದ್ದ ದ್ರವವೋ ಎಂದು ಹೇಳುವುದು ಕಷ್ಟವಾಗುತ್ತದೆ. ಆದ್ದರಿಂದ ಮೊದಲ ಸ್ಕ್ಯಾನಿನ ರಿಪೋರ್ಟಿನಲ್ಲಿ ಟ್ರೇಸರಿನ ಪೂರ್ತಿ ಹೆಸರು ಬರೆದಿದ್ದಾರೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ, ಮತ್ತು ಚಿತ್ರಗಳ ಸಿಡಿಯನ್ನು ಕೇಳಿ ತೆಗೆದುಕೊಳ್ಳಿ.